ಸುಬ್ಬಪ್ಪನ ತೋರುಬೆರಳು

ಶಿರ್ತಾಡಿ ಪೇಟೆಯ ಸುಬ್ಬಪ್ಪನ ಚಹದ ಹೋಟೆಲಿನಲ್ಲಿ ಮೇಜು ಇದ್ದ ಜಾಗ ಒಬ್ಬರದು, ಒಲೆ ಇದ್ದ ಜಾಗ ಇನ್ನೊಬ್ಬರದು. ಕಟ್ಟಡದ ಮುಂದಿನ ಅರ್ಧಕ್ಕೆ ದೊಡ್ಡ ಧನಿ ಪದ್ಮಯ್ಯ ಶೆಟ್ಟರು, ಹಿಂದಿನ ಅರ್ಧಕ್ಕೆ ಅವರ ತಮ್ಮ, ಸಣ್ಣ ಧನಿ ಧರ್ಣಪ್ಪ ಶೆಟ್ಟರು. ತಾಯಿ ತೀರಿಕೊಂಡಾಗ ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಸೌತೆಕಾಯಿಯ ಹುಳಿಯೋ ಬೂದುಗುಂಬಳದ ಹುಳಿಯೋ ಎಂದು ಶುರುವಾದ ಮಾತು ಬೆಳೆದು, ಗದ್ದೆ ಪಾಲಾಗಿ, ಮನೆ ಪಾಲಾಗಿ, ಕೊನೆಗೆ ಈ ಕಟ್ಟಡವೂ ನಟ್ಟನಡುವೆ ಸುಣ್ಣದ ಗೆರೆ ಎಳೆಸಿಕೊಂಡಿತ್ತು. ಅಲ್ಲಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಚಹ ತಮ್ಮನ ಪಾಲಿನಲ್ಲಿ ಕುದಿಯುತ್ತಿತ್ತು, ಅಣ್ಣನ ಪಾಲಿನಲ್ಲಿ ಗಿರಾಕಿಗಳ ಹೊಟ್ಟೆಗೆ ಇಳಿಯುತ್ತಿತ್ತು.

ಸುಬ್ಬಪ್ಪನ ಬದುಕೆಲ್ಲ ಆ ಗೆರೆಯ ಮೇಲೆ. ದೊಡ್ಡ ಧನಿ ಮುನಿದರೆ ಮೇಜಿಲ್ಲದ ಒಲೆ, ಸಣ್ಣ ಧನಿ ಮುನಿದರೆ ಒಲೆಯಿಲ್ಲದ ಮೇಜು. ಎರಡರಲ್ಲಿ ಯಾವುದಾದರೂ ಹೆಂಡತಿ ಮಕ್ಕಳು ಉಪವಾಸವೇ. ಆದ್ದರಿಂದ ಅವನು ಮುಂದೆ ಬಂದಾಗ ಮುಂದಿನವರಿಗೆ ಹೌದೆನ್ನುತ್ತ, ಹಿಂದೆ ಹೋದಾಗ ಹಿಂದಿನವರಿಗೆ ಹೌದೆನ್ನುತ್ತ, ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ವರ್ಷಗಳನ್ನು ಕಳೆದಿದ್ದ.

ಐವತ್ತೇಳರ ಚುನಾವಣೆಯನ್ನೂ ಅವನು ಹೀಗೇ ದಾಟಿದ್ದ. ಆಗ ಉಮೇದುವಾರರಿಗೆ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ ನಿಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ದೊಡ್ಡ ಧನಿ ತಮ್ಮ ಪಕ್ಷದ ಪೆಟ್ಟಿಗೆಗೆ ಹಾಕು ಎಂದಿದ್ದರು, ಸಣ್ಣ ಧನಿ ತಮ್ಮ ಪಕ್ಷದ ಪೆಟ್ಟಿಗೆಗೆ ಎಂದಿದ್ದರು. ಸುಬ್ಬಪ್ಪ ಇಬ್ಬರಿಗೂ ಮಾತು ಕೊಟ್ಟು, ಪರದೆಯ ಹಿಂದೆ ಚೀಟಿಯನ್ನು ಹರಿದು ಎರಡು ಮಾಡಿ, ಅದಕ್ಕೊಂದು ಇದಕ್ಕೊಂದು ಹಾಕಿ ಬಂದಿದ್ದ. ಪೂರ್ತಿ ಸುಳ್ಳು ಹೇಳಿದ ಪಾಪವಿಲ್ಲ ಎಂಬ ಸಮಾಧಾನ ಅವನಿಗೆ. ಸರಕಾರಕ್ಕೆ ಎಷ್ಟು ಸಮಾಧಾನವಾಯಿತೋ ಯಾರೂ ಕೇಳಲಿಲ್ಲ.

ಆದರೆ ಅರವತ್ತೆರಡರಲ್ಲಿ ಸರಕಾರ ಕಾನೂನನ್ನೇ ಬದಲು ಮಾಡಿಬಿಟ್ಟಿತು. ಸುಧಾಕರ ಮಾಷ್ಟ್ರು ಹೋಟೆಲಿನ ಬೆಂಚಿನ ಮೇಲೆ ಕೂತು, ಗೋಳಿಬಜೆ ತಿನ್ನುತ್ತ, ಊರಿಗೆಲ್ಲ ಪಾಠ ಮಾಡಿದರು.

"ಈ ಸಲ ಬೇರೆ ಬೇರೆ ಪೆಟ್ಟಿಗೆ ಇಲ್ಲ. ಒಂದೇ ಪೆಟ್ಟಿಗೆ, ಒಂದೇ ಚೀಟಿ. ಚೀಟಿಯಲ್ಲಿ ಎಲ್ಲರ ಚಿಹ್ನೆಯೂ ಉಂಟು. ನಿಮಗೆ ಬೇಕಾದ ಚಿಹ್ನೆಯ ಮೇಲೆ ರಬ್ಬರ್ ಮುದ್ರೆ ಒತ್ತಬೇಕು, ಮಡಚಬೇಕು, ಹಾಕಬೇಕು. ಎಡಗೈಯ ತೋರುಬೆರಳಿಗೆ ಮಸಿ ಹಚ್ಚುತ್ತಾರೆ. ತಿಕ್ಕಿದರೂ ಹೋಗುವ ಮಸಿ ಅಲ್ಲ ಅದು. ಒಳಗೆ ಹೋದ ಕೂಡಲೇ ಬೆರಳು ನೋಡುತ್ತಾರೆ. ಮೊದಲೇ ಮಸಿ ಇದ್ದರೆ ಓಟು ಇಲ್ಲ."

"ಯಾರಿಗೆ ಒತ್ತಿದ್ದು ಅಂತ ಗೊತ್ತಾಗ್ತದಾ ಮಾಷ್ಟ್ರೆ?" ಒಲೆಯ ಹತ್ತಿರದಿಂದಲೇ ಸುಬ್ಬಪ್ಪ ಕೇಳಿದ.

"ಛೆ ಛೆ, ಗುಟ್ಟು ಅಂದರೆ ಗುಟ್ಟು," ಎಂದರು ಮಾಷ್ಟ್ರು. ಆಮೇಲೆ ಬಾಯಿ ಒರೆಸಿಕೊಂಡು, "ಚೀಟಿಯ ಹಿಂದೆ ಒಂದು ನಂಬರು ಮಾತ್ರ ಇರ್ತದೆ," ಎಂದು ಸೇರಿಸಿದರು.

ಆ ನಂಬರು ಸುಬ್ಬಪ್ಪನ ಎದೆಯಲ್ಲಿ ಕೂತಿತು. ಮಾರನೆಯ ದಿನ ಪದ್ಮಯ್ಯ ಶೆಟ್ಟರು ಬೆಂಚಿಗೆ ಬಂದು, ಚಹ ಹೀರಿ, ತಣ್ಣಗೆ ಹೇಳಿದರು: "ಸುಬ್ಬಪ್ಪ, ನಮ್ಮದು ತಕ್ಕಡಿ. ಚೀಟಿಗೆ ನಂಬರು ಉಂಟಂತೆ. ಎಣಿಸುವಲ್ಲಿ ನಮ್ಮ ಜನ ಇರ್ತಾರೆ, ನೆನಪಿರಲಿ." ಅದೇ ಸಂಜೆ ಧರ್ಣಪ್ಪ ಶೆಟ್ಟರು ಹಿತ್ತಿಲ ಬಾಗಿಲಿನಿಂದ ಒಲೆಯ ಬಳಿಗೆ ಬಂದರು. "ನಮ್ಮದು ಸೈಕಲು ಮಾರಾಯ. ನಂಬರು ನೋಡಿ ಹೇಳುವವರು ನನಗೂ ಇದ್ದಾರೆ. ತಕ್ಕಡಿಗೆ ಬಿದ್ದದ್ದು ಗೊತ್ತಾದರೆ ಈ ಒಲೆಯನ್ನು ನಾಳೆಯೇ ಒಡೆಸ್ತೇನೆ."

ಸುಬ್ಬಪ್ಪನಿಗೆ ಅನ್ನ ಸೇರಲಿಲ್ಲ. ಇಬ್ಬರಿಗೂ ಒತ್ತಿದರೆ ನಂಬರು ಹೇಳಿಕೊಡುತ್ತದೆ. ಯಾರಿಗೂ ಒತ್ತದಿದ್ದರೂ ನಂಬರು ಹೇಳಿಕೊಡುತ್ತದೆ. ಮತಗಟ್ಟೆಗೇ ಹೋಗದಿದ್ದರೆ ಬೆರಳು ಹೇಳಿಕೊಡುತ್ತದೆ. ಕೊನೆಗೆ ಒಂದು ಉಪಾಯ ಹೊಳೆಯಿತು: ಓಟು ಹಾಕುವುದೇ ಬೇಡ, ಬೆರಳು ಮಾತ್ರ ಕಪ್ಪಾಗಲಿ. ಚೀಟಿಯೇ ಇಲ್ಲದ ಮೇಲೆ ನಂಬರು ಎಲ್ಲಿಂದ ಬರಬೇಕು?

ಓಟಿನ ದಿನ ಬೆಳಕು ಹರಿಯುವಾಗ ಅವನು ಹಿತ್ತಿಲಿನ ಗೇರುಮರದ ಬುಡಕ್ಕೆ ಹೋದ. ಹಸಿ ಗೇರುಬೀಜ ಬಿಡಿಸುವ ಕಾಲ ಅದು. ಅದರ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ವಾರ ಕಳೆದರೂ ಹೋಗುವುದಿಲ್ಲ ಎಂದು ಆ ಕಡೆಯ ಹಸುಳೆಗೂ ಗೊತ್ತು. ಸುಬ್ಬಪ್ಪ ಎರಡು ಬೀಜ ಕೊಯ್ದು, ಕಲ್ಲಿನಿಂದ ಜಜ್ಜಿ, ಎಡಗೈಯ ತೋರುಬೆರಳಿಗೆ ಉಗುರಿನ ಬುಡದಿಂದ ಹಚ್ಚಿದ. ಬೇಗ ಕಪ್ಪಾಗಲಿ ಎಂದು ಇನ್ನಷ್ಟು ಹಚ್ಚಿದ. ಮೊದಲು ಚುರುಚುರು ಎಂದಿತು, ಆಮೇಲೆ ಕೆಂಡ ಮುಟ್ಟಿದ ಹಾಗಾಯಿತು.

"ಇದೆಂತದು ನಿಮ್ಮ ಅವಸ್ಥೆ?" ಬಾವಿಕಟ್ಟೆಯಿಂದ ಹೆಂಡತಿ ದಮಯಂತಿ ಕೇಳಿದಳು. "ತೆಂಗಿನೆಣ್ಣೆ ಹಚ್ಚದೆ ಗೇರುಬೀಜ ಮುಟ್ಟುವವರುಂಟಾ?"

"ನಿನಗೆ ರಾಜಕೀಯ ಗೊತ್ತಾಗುದಿಲ್ಲ," ಎಂದು ಸುಬ್ಬಪ್ಪ ಬೆರಳನ್ನು ಊದಿಕೊಳ್ಳುತ್ತ ಗುಡ್ಡ ಹತ್ತಿದ. ಪೇಟೆಯವರ ಕಣ್ಣಿಗೆ ಬೀಳದೆ ಹೊತ್ತು ಕಳೆಯಬೇಕಿತ್ತು. ಗುಡ್ಡದ ಮೇಲೆ ಕೂತು ಮೂಡುಬಿದಿರೆಯಿಂದ ನಾರಾವಿಗೆ ಹೋಗುವ ಬಸ್ಸು ಹೋದದ್ದನ್ನೂ ತಿರುಗಿ ಬಂದದ್ದನ್ನೂ ನೋಡಿದ. ಬೆರಳು ಬಾತು ಸಣ್ಣ ಬದನೆಕಾಯಿಯಷ್ಟಾಗಿತ್ತು, ಆದರೆ ಕಪ್ಪು ಮಾತ್ರ ಸೊಗಸಾಗಿ ಬಂದಿತ್ತು.

ಇಳಿದು ಬಂದವನು ನೇರ ಪದ್ಮಯ್ಯ ಶೆಟ್ಟರ ಚಾವಡಿಗೆ ಹೋಗಿ ಬೆರಳು ತೋರಿಸಿದ.

"ಭೇಷ್!" ಎಂದರು ಶೆಟ್ಟರು. "ತಕ್ಕಡಿಗೇ ಅಲ್ಲವಾ?"

"ಬೇರೆ ಯಾವುದಕ್ಕೆ ಧನಿ?"

ಅಲ್ಲಿಂದ ಗದ್ದೆಯ ಬದುವಿನ ಮೇಲೆ ಓಡಿ ಧರ್ಣಪ್ಪ ಶೆಟ್ಟರ ಅಂಗಳ. ಅಲ್ಲಿಯೂ ಅದೇ ಬೆರಳು, ಅದೇ ಮಾತು, ಚಿಹ್ನೆ ಮಾತ್ರ ಬೇರೆ. ಸಣ್ಣ ಧನಿ ಸಂತೋಷಪಟ್ಟು ಎಲೆ ಅಡಿಕೆ ಕೊಟ್ಟರು. ಸುಬ್ಬಪ್ಪ ಹೋಟೆಲಿನ ಬಾಗಿಲು ತೆರೆದು ಒಲೆ ಹೊತ್ತಿಸುವಾಗ, ಹೆದರಿ ಸಾಯುವವನಂತಿದ್ದವನಿಗೆ ಹಾಡು ಹೇಳುವ ಮನಸ್ಸಾಯಿತು. ಇನ್ನು ಐದು ವರ್ಷ ಯಾರ ಗೊಡವೆಯೂ ಇಲ್ಲ ಎಂದುಕೊಂಡ.

ಅಷ್ಟು ಹೊತ್ತಿಗೆ ಹನೀಫಾ ಬಂದ. ಬದಿಯ ಜಿನಸು ಅಂಗಡಿಯವನು. ಅಂದು ಮತಗಟ್ಟೆಯೊಳಗೆ ದೊಡ್ಡ ಧನಿಯ ಪಕ್ಷದ ಪರವಾಗಿ ಏಜೆಂಟನಾಗಿ ಕೂತಿದ್ದವನು, ಚಹಕ್ಕೆಂದು ಎದ್ದು ಬಂದಿದ್ದ.

"ಎಂತ ಸುಬ್ಬಪ್ಪಣ್ಣ, ಇನ್ನೂ ಓಟಿಗೆ ಬರಲಿಲ್ಲ? ಬೆಳಿಗ್ಗೆಯಿಂದ ನಿಮ್ಮ ದಾರಿ ಕಾಯ್ತಾ ಇದ್ದೇನೆ."

ಸುಬ್ಬಪ್ಪ ಕೈಯ ಗ್ಲಾಸನ್ನು ಕೆಳಗಿಟ್ಟ. ಒಳಗೆ ಏಜೆಂಟರು ಕೂತಿರುತ್ತಾರೆ, ಬಂದವರ ಮುಖ ನೋಡುತ್ತಾರೆ ಎಂಬುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಬೆರಳನ್ನು ಪಂಚೆಯೊಳಗೆ ಅಡಗಿಸಲು ಹೋದ. ಬಾತ ಬೆರಳು ಅಡಗುವುದು ಹೇಗೆ? ಹನೀಫಾನ ಕಣ್ಣು ಅಲ್ಲೇ ನಿಂತಿತು.

"ಅಲ್ಲ ಮಾರಾಯ್ರೆ, ನೀವು ಬರಲೇ ಇಲ್ಲ, ಮಸಿ ಎಲ್ಲಿಂದ ಬಂತು?"

ಉತ್ತರ ಕಾಯದೆ ಹನೀಫಾ ದೊಡ್ಡ ಧನಿಯ ಮನೆಯ ಕಡೆಗೆ ಓಡಿದ. ಅವನು ಓಡಿದ್ದನ್ನು ಕಂಡು ಸಣ್ಣ ಧನಿಯ ಏಜೆಂಟು ಮಾಯಿಲಪ್ಪ ಬಂದ, ಬೆರಳು ನೋಡಿದ, ಅವನೂ ಓಡಿದ. ಹಾಲು ಉಕ್ಕಿ ಒಲೆಗೆ ಬಿದ್ದದ್ದು ಸುಬ್ಬಪ್ಪನಿಗೆ ತಿಳಿಯಲೇ ಇಲ್ಲ.

ಸ್ವಲ್ಪದರಲ್ಲಿ ಮುಂದಿನ ಬಾಗಿಲಿನಿಂದ ಪದ್ಮಯ್ಯ ಶೆಟ್ಟರು, ಹಿತ್ತಿಲ ಬಾಗಿಲಿನಿಂದ ಧರ್ಣಪ್ಪ ಶೆಟ್ಟರು ನುಗ್ಗಿದರು. ಸುಣ್ಣದ ಗೆರೆಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರು. ಪರಸ್ಪರ ಮುಖ ನೋಡಲಿಲ್ಲ; ಇಬ್ಬರೂ ಗೆರೆಯ ಮೇಲೆ ನಿಂತ ಸುಬ್ಬಪ್ಪನನ್ನೇ ನೋಡಿದರು.

"ಹಿಂದಿನವರಿಗೆ ಕೇಳು," ಎಂದರು ಪದ್ಮಯ್ಯ ಶೆಟ್ಟರು, "ನಿನ್ನನ್ನು ಯಾವ ಊರಿಗೆ ಕರಕೊಂಡು ಹೋಗಿ ಕಳ್ಳ ಓಟು ಹಾಕಿಸಿದ್ದು ಅಂತ."

"ಮುಂದಿನವರಿಗೆ ಹೇಳು," ಎಂದರು ಧರ್ಣಪ್ಪ ಶೆಟ್ಟರು, "ಅವರ ಜೀಪು ಬೆಳಿಗ್ಗೆ ನಾರಾವಿ ಕಡೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಂತ."

"ನನ್ನ ಜೀಪು ಹೋದದ್ದು ಹೆಂಗಸರನ್ನು ತರಲಿಕ್ಕೆ ಅಂತ ಹೇಳು."

"ಹಾಗಾದರೆ ಈ ಪಂಚೆ ಉಟ್ಟ ಹೆಂಗಸನ್ನೂ ತಂದಿರಬೇಕು ಅಂತ ಹೇಳು."

ಸುಬ್ಬಪ್ಪ ಒಳಗೊಳಗೇ ಲೆಕ್ಕ ಹಾಕಿದ. ಬೇರೆ ಊರಲ್ಲಿ ಓಟು ಹಾಕಿದ್ದೇನೆ ಎಂದರೆ ಪೊಲೀಸು. ಹಾಕಲೇ ಇಲ್ಲ ಎಂದರೆ ಇಬ್ಬರಿಗೂ ಆಗಲೇ ಸುಳ್ಳು ಹೇಳಿದ ಹಾಗೆ. ಹೋಟೆಲು ಕಣ್ಣೆದುರೇ ಎರಡು ತುಂಡಾಗುವುದು ಅವನಿಗೆ ಕಾಣುತ್ತಿತ್ತು.

"ಈಗಲೇ ನಡಿ," ಎಂದರು ದೊಡ್ಡ ಧನಿ. "ಇಲ್ಲಿ ಹಾಕದಿದ್ದರೆ ಎಲ್ಲೂ ಹಾಕಲಿಲ್ಲ ಅಂತ ಆಫೀಸರರ ಎದುರು ಹೇಳು. ಹೇಳಿ ನನ್ನ ಕಣ್ಣೆದುರು ಓಟು ಹಾಕು. ಇಲ್ಲವಾದರೆ ನಾಳೆ ಮೇಜು ಬೀದಿಗೆ."

ಸಣ್ಣ ಧನಿ ಒಲೆಯನ್ನು ಕಾಲಿನಿಂದ ತಟ್ಟಿ ತೋರಿಸಿದರು.

ಮತಗಟ್ಟೆ ಶಾಲೆಯಲ್ಲಿ. ಮುಂದೆ ದೊಡ್ಡ ಧನಿ, ಹಿಂದೆ ಸಣ್ಣ ಧನಿ, ನಡುವೆ ಸುಬ್ಬಪ್ಪ, ಬದಿಗಳಲ್ಲಿ ಹನೀಫಾ, ಮಾಯಿಲಪ್ಪ. ಗಲ್ಲಿಗೆ ಕೊಂಡೊಯ್ಯುವ ಕೈದಿಗೂ ಅಷ್ಟು ಕಾವಲು ಇರುವುದಿಲ್ಲ. ಧನಿಗಳು ಬಾಗಿಲಲ್ಲೇ ನಿಂತರು. ಒಳಗೆ ಕೂತ ಆಫೀಸರರು ಧಾರವಾಡದ ಕಡೆಯವರು. ಸೆಕೆಗೆ ಬೆವೆತು ಬೆವೆತು ಅವರ ಕೋಪ ಆಗಲೇ ಮೂಗಿನ ತುದಿಯಲ್ಲಿತ್ತು.

"ಎಡಗೈ ತೋರಸ್ರಿ."

ಸುಬ್ಬಪ್ಪ ಬಲಗೈ ತೋರಿಸಿದ.

"ಎಡಗೈ ಅಂದೆ ನಾ."

ಬದನೆಕಾಯಿ ಹೊರಗೆ ಬಂತು. ಆಫೀಸರರು ಕುರ್ಚಿಯಿಂದ ಅರ್ಧ ಎದ್ದರು. "ಅಲೆಲೇ! ಒಮ್ಮೆ ಹಾಕಿ ಮತ್ತೊಮ್ಮೆ ಬಂದೀರೇನು? ಹೊಸ ಕಾನೂನು ಗೊತ್ತಿಲ್ಲೇನ್ ನಿಮಗ? ಪೊಲೀಸಪ್ಪಾ, ಬಾರೋ ಇಲ್ಲಿ!"

ಪೊಲೀಸಿನವನ ಬೂಟಿನ ಸದ್ದಿಗೆ ಸುಬ್ಬಪ್ಪ ಕೈ ಮುಗಿದ. "ಮಸಿ ಅಲ್ಲ ಸ್ವಾಮಿ! ಗೇರುಬೀಜ! ದೇವರಾಣೆ ಗೇರುಬೀಜ!"

"ಗೇರುಬೀಜಾ? ಗೋಡಂಬಿ ಅಂತೀರೇನು? ಅದನ್ನ ನಾವು ಪಾಯಸಕ್ಕ ಹಾಕ್ತೀವ್ರೀ. ಬೆಳ್ಳಗಿರ್ತದ. ಅದರಿಂದ ಬೆರಳ ಕರ್ರಗಾಗ್ತದೇನು? ಯಾರಿಗೆ ಹೇಳ್ತೀರಿ ಕತಿ?"

ಆಗ ಅಡಿಗೆ ಮುಗಿಸಿ ಅದೇ ತಾನೇ ಬಂದು ನಿಂತಿದ್ದ ಹೆಂಗಸರ ಸಾಲಿನಿಂದ ಪೂವಮ್ಮ ಕೈ ಚಾಚಿದಳು. "ನನ್ನದೂ ಕಪ್ಪೇ ಸ್ವಾಮಿ. ನಿನ್ನೆ ತೊಂಡೆಕಾಯಿ ಪಲ್ಯಕ್ಕೆ ಗೇರುಬೀಜ ಬಿಡಿಸಿದ್ದು." ಅವಳ ಹಿಂದಿನವಳೂ ಚಾಚಿದಳು. ಅವಳ ಹಿಂದಿನವಳೂ. ನೋಡನೋಡುತ್ತ ಸಾಲಿನ ಅರ್ಧದಷ್ಟು ಹೆಂಗಸರು ಕಪ್ಪು ಬೆರಳುಗಳನ್ನು ಎತ್ತಿ ಹಿಡಿದು ನಿಂತರು. ಇವರಿಗೆಲ್ಲ ಓಟು ಇಲ್ಲವೆಂದರೆ ಊರಿಗೇ ಚುನಾವಣೆ ಇಲ್ಲ. ಆಫೀಸರರು ಟೋಪಿ ತೆಗೆದು ಗಾಳಿ ಹಾಕಿಕೊಂಡರು.

"ಆತು, ಹೆಣ್ಮಕ್ಕಳು ಅಡಿಗಿ ಮಾಡ್ಯಾರ, ಒಪ್ಪಿದೆ. ನೀವು ಒಂದೇ ಬೆರಳಿಗೆ, ಅದೂ ಮಸಿ ಹಚ್ಚೋ ಜಾಗಕ್ಕೇ, ಯಾಕ ಹಚ್ಚಕೊಂಡ್ರಿ? ಖರೇ ಹೇಳ್ರಿ. ಇಲ್ಲಾಂದ್ರ ಮೂಡಬಿದರಿ ಠಾಣೆ."

ಸುಬ್ಬಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಎಡ ಚೌಕಟ್ಟಿಗೆ ಒಬ್ಬ ಧನಿ, ಬಲ ಚೌಕಟ್ಟಿಗೆ ಇನ್ನೊಬ್ಬ ಧನಿ. ಎದುರಿಗೆ ಪೊಲೀಸು. ಅತ್ತ ದರಿ, ಇತ್ತ ಪುಲಿ, ನಡುವೆ ಠಾಣೆ. ಎಷ್ಟೋ ವರ್ಷಗಳಿಂದ ಗಂಟಲಲ್ಲಿ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ದೊಡ್ಡ ಧನಿಗಳು ತಕ್ಕಡಿ ಅಂತಾರೆ, ಸಣ್ಣ ಧನಿಗಳು ಸೈಕಲು ಅಂತಾರೆ. ನಾನು ಇಬ್ಬರಿಗೂ ಆಗಬಹುದು ಅಂದಿದ್ದೇನೆ ಸ್ವಾಮಿ. ಇಬ್ಬರೂ ನಂಬರು ನೋಡ್ತೇವೆ ಅಂತ ಹೆದರಿಸಿದರು. ಒಲೆ ಇವರದು, ಮೇಜು ಅವರದು, ನಾನು ಎಲ್ಲಿಗೆ ಹೋಗುವುದು? ಅದಕ್ಕೇ ಓಟು ಹಾಕದೆ ಬೆರಳು ಕಪ್ಪು ಮಾಡಿ ತೋರಿಸಿದೆ. ಇಬ್ಬರಿಗೂ ಸುಳ್ಳು ಹೇಳಿದೆ. ಕಳೆದ ಸಲವೂ ಯಾರಿಗೂ ಪೂರ್ತಿ ಹಾಕಲಿಲ್ಲ, ಚೀಟಿ ಹರಿದು ಅರ್ಧ ಅರ್ಧ ಹಾಕಿದೆ. ಬೇಕಾದರೆ ಕೊಂದು ಹಾಕಿ!"

ಸುಬ್ಬಪ್ಪ ಕಣ್ಣು ಮುಚ್ಚಿಕೊಂಡ. ಮೊದಲು ಬೀಳುವ ಪೆಟ್ಟು ಎಡದಿಂದಲೋ ಬಲದಿಂದಲೋ ಎಂದು ಕಾಯುತ್ತಿದ್ದಾಗ ಬಾಗಿಲಿನಿಂದ ಖಿಕ್ ಎಂಬ ಸದ್ದು ಬಂತು.

"ಅರ್ಧ ಅರ್ಧ ಹಾಕಿದನಂತೆ!" ಎಂದರು ಧರ್ಣಪ್ಪ ಶೆಟ್ಟರು.

"ಪಾಪಿ, ಚೀಟಿಯನ್ನೂ ಪಾಲು ಮಾಡಿದನಲ್ಲ!" ಎಂದರು ಪದ್ಮಯ್ಯ ಶೆಟ್ಟರು, ಹೊಟ್ಟೆ ಕುಣಿಸುತ್ತ.

ಆಮೇಲೆ ಇಬ್ಬರಿಗೂ ಹೊಳೆಯಿತು, ತಾವು ಮಾತನಾಡಿದ್ದು ಸುಬ್ಬಪ್ಪನ ಮೂಲಕ ಅಲ್ಲ, ನೇರವಾಗಿ ಎಂದು. ಒಂದು ಗಳಿಗೆ ಇಬ್ಬರೂ ಬೆಪ್ಪಾಗಿ ಪರಸ್ಪರ ನೋಡಿದರು. ತಮ್ಮನ ತಲೆಯೆಲ್ಲ ಬೆಳ್ಳಗಾದದ್ದನ್ನು ಅಣ್ಣ ಅಂದೇ ಕಂಡಿರಬೇಕು. ಇಬ್ಬರೂ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದರು.

ಆಫೀಸರರಿಗೆ ಈ ಊರಿನ ಯಾವುದೂ ಅರ್ಥವಾಗಲಿಲ್ಲ. ಆದರೆ ಸಾಲು ಉದ್ದವಿತ್ತು. "ನಡುಬೆರಳಿಗೆ ಹಚ್ಚಿ ಚೀಟಿ ಕೊಡ್ರಿ, ಕಳಸ್ರಿ ಆಚೆ," ಎಂದರು.

ಪರದೆಯ ಹಿಂದೆ ಸುಬ್ಬಪ್ಪ ಒಬ್ಬನೇ ನಿಂತ. ಕೈಯಲ್ಲಿ ಚೀಟಿ, ಎದುರಿಗೆ ರಬ್ಬರ್ ಮುದ್ರೆ. ತಕ್ಕಡಿ ಇತ್ತು, ಸೈಕಲು ಇತ್ತು, ಕೆಳಗೆ ಒಂದು ಕೊಡೆಯೂ ಇತ್ತು. ಇನ್ನು ಅಡಗಿಸಲು ಏನೂ ಉಳಿದಿರಲಿಲ್ಲ, ನಂಬರು ಯಾರು ಬೇಕಾದರೂ ನೋಡಲಿ. ಆಗ ಅವನಿಗೆ ವಿಚಿತ್ರವಾದ ಒಂದು ಪ್ರಶ್ನೆ ಬಂತು: ನನಗೆ ಯಾರು ಬೇಕು? ಇಷ್ಟು ವರ್ಷಗಳಲ್ಲಿ ಅದನ್ನು ಬೇರೆಯವರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಕೊಡೆಯ ಉಮೇದುವಾರ ಒಮ್ಮೆ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಅವನ ಹೋಟೆಲಿನಲ್ಲಿ ಚಹ ಕುಡಿದಿದ್ದ. "ಚಹ ಒಳ್ಳೆದುಂಟು" ಎಂದಿದ್ದ. ಇಬ್ಬರು ಧನಿಗಳೂ ಒಂದು ದಿನವಾದರೂ ಹಾಗೆ ಹೇಳಿದವರಲ್ಲ.

ಸುಬ್ಬಪ್ಪ ಕೊಡೆಯ ಮೇಲೆ ಮುದ್ರೆಯನ್ನು ಬಲವಾಗಿ ಒತ್ತಿದ. ಮಡಚಿದ. ಪೆಟ್ಟಿಗೆಗೆ ಹಾಕಿದ. ಬೆರಳು ಉರಿಯುತ್ತಲೇ ಇತ್ತು, ಆದರೂ ಎದೆಯೊಳಗೆ ತಣ್ಣಗಾಯಿತು. ತಾನೂ ಒಬ್ಬ ಮನುಷ್ಯ ಅನ್ನಿಸಿತು.

ಹೊರಗೆ ಬಂದು ನೋಡುತ್ತಾನೆ, ಹೊನ್ನೆಮರದ ಕೆಳಗೆ ಒಂದೇ ಕಲ್ಲಿನ ಮೇಲೆ ಅಣ್ಣತಮ್ಮಂದಿರು ಕೂತಿದ್ದಾರೆ. ಎಲೆಗೆ ಸುಣ್ಣ ಹಚ್ಚಿ ಅಣ್ಣ ತಮ್ಮನಿಗೆ ಕೊಡುತ್ತಿದ್ದಾರೆ. ಊರೆಲ್ಲ ಸುತ್ತ ನಿಂತು ನೋಡುತ್ತಿದೆ. ಸುಬ್ಬಪ್ಪನ ಕಣ್ಣು ತುಂಬಿ ಬಂತು. ಧನಿಗಳು ಒಂದಾದರೆ ತನಗೆ ಇನ್ನು ಹಿಂದು ಮುಂದು ಎಂಬ ಹೆದರಿಕೆಯೇ ಇಲ್ಲ ಎಂದು ಮನಸ್ಸಿನಲ್ಲೇ ಧರ್ಮಸ್ಥಳದ ಮಂಜುನಾಥನಿಗೆ ಕೈ ಮುಗಿದ.

"ಬಾ ಸುಬ್ಬಪ್ಪ, ಬಾ," ಎಂದು ಪದ್ಮಯ್ಯ ಶೆಟ್ಟರು ಕರೆದರು. ಸ್ವರದಲ್ಲಿ ಅಷ್ಟು ಪ್ರೀತಿಯನ್ನು ಅವನು ಎಂದೂ ಕೇಳಿರಲಿಲ್ಲ. "ನಿನ್ನ ಉಪಕಾರ ಮರೆಯುವ ಹಾಗಿಲ್ಲ ಮಾರಾಯ. ನಾವಿಬ್ಬರು ಎಂತ ಮರುಳು ಕಟ್ಟಿಕೊಂಡಿದ್ದೆವು ಅಂತ ನಿನ್ನಿಂದ ಗೊತ್ತಾಯ್ತು."

"ನಾಳೆಯೇ ಆ ಗೆರೆ ಅಳಿಸಿಬಿಡುವ," ಎಂದರು ಧರ್ಣಪ್ಪ ಶೆಟ್ಟರು. "ಕಟ್ಟಡ ಇನ್ನು ಒಂದೇ."

"ನಿಮಗೆ ದೇವರು ಒಳ್ಳೆದು ಮಾಡಲಿ ಧನಿ," ಎಂದ ಸುಬ್ಬಪ್ಪ.

"ಇನ್ನೊಂದು ಸಂತೋಷದ ಸುದ್ದಿ ಕೇಳು," ಎಂದರು ಪದ್ಮಯ್ಯ ಶೆಟ್ಟರು. "ನಮ್ಮ ಅಕ್ಕನ ಮಗ ಶಂಭು ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದಾನಲ್ಲ, ಊರಿಗೆ ಬಂದು ಸ್ವಂತ ಹೋಟೆಲು ಹಾಕ್ತೇನೆ ಅಂತ ಇಬ್ಬರಿಗೂ ಬರೀತಾ ಇದ್ದ. ನಮ್ಮ ಅಳಿಯಕಟ್ಟಿನಲ್ಲಿ ಅಕ್ಕನ ಮಗ ಅಂದರೆ ಇಬ್ಬರ ಆಸ್ತಿಗೂ ಅವನೇ ವಾರಸುದಾರ ಅಲ್ಲವಾ? ಅರ್ಧ ಕಟ್ಟಡ ಕೊಟ್ಟರೆ ಅವನು ಎಂತ ಮಾಡುವುದು, ಅದಕ್ಕೇ ಸುಮ್ಮನಿದ್ದೆವು. ಈಗ ಪೂರ್ತಿ ಕೊಡುವ ಹಾಗಾಯ್ತು. ಯುಗಾದಿಗೆ ಬರ್ತಾನೆ. ಅಷ್ಟರೊಳಗೆ ನೀನು ಖಾಲಿ ಮಾಡಿದರೆ ಸಾಕು, ಅವಸರ ಇಲ್ಲ."

ಸುಬ್ಬಪ್ಪನಿಗೆ ಹೊನ್ನೆಮರ ಒಮ್ಮೆ ಸುತ್ತಿದ ಹಾಗಾಯಿತು. ಹಗಲಿಡೀ ಯಾವುದಕ್ಕಾಗಿ ಬೆರಳು ಸುಟ್ಟುಕೊಂಡನೋ ಅದು ಇಬ್ಬರು ನಗುತ್ತಿರುವಾಗ ಹೋಗಿಬಿಟ್ಟಿತ್ತು. ಜಗಳವಾಡುವ ಇಬ್ಬರ ನಡುವೆ ಅವನಿಗೆ ನಿಲ್ಲಲು ಒಂದು ಗೆರೆಯಾದರೂ ಇತ್ತು. ಒಂದಾದವರ ನಡುವೆ ಅದೂ ಇಲ್ಲ.

"ಧನಿ," ಎಂದು ಅವನು ತೊದಲಿದ, "ನನ್ನ ಮೇಲೆ ಕೋಪವಾ? ನಾನು ಯಾರಿಗೆ ಹಾಕಿದೆ ಅಂತ..."

"ಛೆ ಛೆ!" ಪದ್ಮಯ್ಯ ಶೆಟ್ಟರು ಅವನ ಬೆನ್ನು ತಟ್ಟಿದರು. "ಅದನ್ನು ಇನ್ನು ನಾವು ಕೇಳುವುದೇ ಇಲ್ಲ. ಅಲ್ಲವಾ ತಮ್ಮ? ಓಟು ನಿನ್ನದು, ನಿನಗೆ ಬೇಕಾದವರಿಗೆ ಹಾಕು. ಕಟ್ಟಡ ಮಾತ್ರ ನಮ್ಮದು."